ಹಾಜರಿ ಪುಸ್ತಕದ ಕೊನೆಯ ಸಾಲು

ಆ ಶಾಲೆಗೆ ಮೂರು ಕಟ್ಟಡ, ನಲವತ್ತೆರಡು ತರಗತಿ, ಒಂದೇ ಗಂಟೆ. ಹನ್ನೊಂದು ನಲ್ಲಿಗಳಿದ್ದವು, ಏಳರಲ್ಲಿ ನೀರು ಬರುತ್ತಿತ್ತು. ಊರಿನ ಅರ್ಧ ಮಕ್ಕಳು ಅಲ್ಲಿ ಓದುತ್ತಿದ್ದರು. ಇನ್ನರ್ಧ ಮಕ್ಕಳ ಅಪ್ಪ ಅಮ್ಮಂದಿರು ಒಂದಾನೊಂದು ಕಾಲದಲ್ಲಿ ಅಲ್ಲೇ ಓದಿ ಮುಗಿಸಿದವರು. ಬೆಳಿಗ್ಗೆ ಗೇಟು ತೆರೆದರೆ ಕಟ್ಟೆ ಒಡೆದ ಕೆರೆಯ ಹಾಗೆ ಮಕ್ಕಳು ನುಗ್ಗುತ್ತಿದ್ದರು. ಅಷ್ಟು ಜನರಲ್ಲಿ ಯಾರು ಯಾರೆಂದು ಯಾರಿಗೆ ನೆನಪಿರಬೇಕು? ಹಾಗಾಗಿ ಅಲ್ಲಿ ಎಲ್ಲರಿಗೂ ನಂಬರು. ಹಾಜರಿ ಕರೆಯುವುದು ನಂಬರಿನಿಂದ, ಪುಸ್ತಕ ಕೊಡುವುದು ನಂಬರಿನಿಂದ, ಬೈಯುವುದು ಮಾತ್ರ ಅಪ್ಪನ ಹೆಸರಿನಿಂದ.

ಇಂಥ ಶಾಲೆಯನ್ನು ನಾಲ್ಕು ಪುಟಗಳಲ್ಲಿ ಪರಿಚಯ ಮಾಡಿಕೊಡುವ ಕೆಲಸ ಕಚೇರಿಯ ಗುಮಾಸ್ತೆಯ ತಲೆಗೆ ಬಂತು. ಗುರುವಾರ ತಪಾಸಣೆ ಸಮಿತಿ ಬರುವುದಿತ್ತು. ಸೋಮವಾರ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಹಳೆಯ ಪ್ರತಿಯೊಂದನ್ನು ಮೇಜಿನ ಮೇಲಿಟ್ಟು, "ಹೋದ ವರ್ಷದ್ದೇ ಇದೆ ನೋಡಿ. ಅಂಕಿ ಅಂಶ ಬದಲಾಯಿಸಿ, ಒಳ್ಳೇ ಪೇಪರ್‌ನಲ್ಲಿ ಪ್ರಿಂಟ್ ತೆಗೀರಿ, ಸಾಕು," ಅಂದರು.

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ಆದರೆ ಈಕೆ ತಪ್ಪಾಯ್ತಕ್ಕ. ಆ ಹೆಸರನ್ನು ಇಟ್ಟವರು ಯಾರೋ, ಬಿಡದೆ ಅಂಟಿಕೊಂಡಿತ್ತು. ಬಾಗಿಲು ತಳ್ಳಿದರೆ "ತಪ್ಪಾಯ್ತು", ಪೆನ್ನು ಕೇಳಿದರೆ "ತಪ್ಪಾಯ್ತು", ಇನ್ನೊಬ್ಬರು ಬಂದು ತನ್ನ ಕಾಲು ತುಳಿದರೂ "ತಪ್ಪಾಯ್ತು". ಹಗಲು ಕೆಲಸ, ಸಂಜೆ ಕಾಲೇಜು ಎಂದು ಒಂಬತ್ತು ವರ್ಷ ಅಲೆದು ಪದವಿ ಪಡೆದವಳು. ಸಂಜೆ ಕಲಿತವರಿಗೆ ಹಗಲು ಕಲಿತವರೆದುರು ಒಂದು ಹೆದರಿಕೆ ಇದ್ದೇ ಇರುತ್ತದೆ, ತನಗೆ ಹೇಳಿಕೊಡದೆ ಬಿಟ್ಟ ಪಾಠ ಯಾವುದೋ ಒಂದು ಇರಬೇಕು ಎಂದು. ಅದಕ್ಕೇ ಅವಳು ಪ್ರತಿ ಕಾಗದವನ್ನೂ ಮೂರು ಸಲ ಓದುತ್ತಿದ್ದಳು, ನಿಯಮದ ಪುಸ್ತಕವನ್ನು ಕೈಗೆಟಕುವ ಹಾಗೆ ಇಟ್ಟುಕೊಂಡಿರುತ್ತಿದ್ದಳು.

ಹಳೆಯ ಪ್ರತಿಯ ಮೊದಲ ಸಾಲು ಹೀಗಿತ್ತು: "ನಮ್ಮದು ಪ್ರತಿಯೊಂದು ಮಗುವನ್ನೂ ಹೆಸರಿನಿಂದ ಬಲ್ಲ ಶಾಲೆ." ನಾಲ್ಕು ವರ್ಷದ ಹಿಂದೆ ಅದನ್ನು ಬರೆದವಳು ಅವಳೇ. ಆಗ ಎಲ್ಲರೂ ಚೆನ್ನಾಗಿದೆ ಎಂದಿದ್ದರು. ಎರಡನೆಯ ಪುಟದಲ್ಲಿ ಗ್ರಂಥಾಲಯದಲ್ಲಿ ಒಂಬತ್ತು ಸಾವಿರ ಪುಸ್ತಕಗಳಿವೆ ಎಂದಿತ್ತು. ಗ್ರಂಥಾಲಯದಲ್ಲಿ ಇದ್ದದ್ದು ಮುರಿದ ಬೆಂಚುಗಳು. ಪುಸ್ತಕಗಳು ಬೆಂಚುಗಳ ಹಿಂದೆ ಇರಬಹುದು, ಎಣಿಸಲು ಒಳಗೆ ಹೋಗುವ ದಾರಿಯೇ ಇರಲಿಲ್ಲ. ಪುಸ್ತಕ ಹೋಗಲಿ, ಮಕ್ಕಳನ್ನಾದರೂ ಎಣಿಸೋಣ ಅಂದುಕೊಂಡಳು.

ಮಂಗಳವಾರ ಬೆಳಿಗ್ಗೆ ತನ್ನ ಪಟ್ಟಿ ಹಿಡಿದುಕೊಂಡು ಹೊರಟಳು. ಜೊತೆಗೆ ಗಂಟೆಯಣ್ಣ ಬಂದ. ಮೂವತ್ತು ವರ್ಷದಿಂದ ಗಂಟೆ ಬಾರಿಸಿ ಬಾರಿಸಿ ಒಂದು ಕಿವಿ ಮಂದವಾಗಿತ್ತು, ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು.

"ಕುರಿ ಎಣಿಸಿದ್ರೆ ನಿದ್ದೆ ಬರುತ್ತಂತೆ ಅಕ್ಕಾ. ಮಕ್ಕಳನ್ನ ಎಣಿಸಿದ್ರೆ ಏನು ಬರುತ್ತೋ?"

"ಸರಿಯಾದ ಸಂಖ್ಯೆ ಬರುತ್ತೆ."

"ಬಂದು?"

"ಬಂದು ಅಂದ್ರೆ? ಸುಳ್ಳು ಬರೆಯೋಕಾಗುತ್ತಾ ಅಣ್ಣಾ, ಸಮಿತಿಯವರಿಗೆ?"

"ಹೋದ ವರ್ಷ ಬಂದಿದ್ರಲ್ಲ ಸಮಿತಿ. ಊಟ ಮಾಡಿದ್ರು, ಕೈ ತೊಳೆಯೋಕೆ ನೀರು ಬರೋ ನಲ್ಲಿ ಯಾವುದು ಅಂತ ಕೇಳಿದ್ರು, ಹೋದ್ರು. ನಾನು ಏಳನೇದು ತೋರಿಸ್ದೆ."

ತರಗತಿ ತರಗತಿಗೆ ಹೋಗಿ ತಲೆ ಎಣಿಸಿದರು. ಅಂದು ಬಾರದವರನ್ನು ಹಾಜರಿ ಪುಸ್ತಕ ನೋಡಿ ಕೂಡಿಸಿಕೊಂಡರು. ನಲವತ್ತೊಂದು ತರಗತಿಗಳಲ್ಲಿ ಅವಳ ಪಟ್ಟಿಗೂ ಎಣಿಕೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಅವಳ ನಡಿಗೆಯಲ್ಲಿ ಸ್ವಲ್ಪ ಗತ್ತು ಕೂಡ ಬಂತು. ಕೊನೆಯದು ಕೊನೆಯ ವರ್ಷದ ಎಫ್ ವಿಭಾಗ, ಹಿಂದಿನ ಕಟ್ಟಡದ ಮೇಲಿನ ಮಹಡಿ. ಪಟ್ಟಿಯಲ್ಲಿ ಐವತ್ತೆಂಟು. ಎಣಿಸಿದರೆ ಐವತ್ತೊಂಬತ್ತು. ಮತ್ತೆ ಎಣಿಸಿದಳು. ಐವತ್ತೊಂಬತ್ತು.

"ಇವತ್ತು ಎಲ್ಲರೂ ಬಂದಿದ್ದಾರಾ ಸರ್?" ಎಂದು ತರಗತಿಯ ಲೆಕ್ಕದ ಮೇಷ್ಟ್ರನ್ನು ಕೇಳಿದಳು.

"ಬಂದಿದಾರೆ. ಯಾಕೆ, ಕಮ್ಮಿ ಆಯ್ತಾ?"

"ಒಂದು ಜಾಸ್ತಿ ಆಯ್ತು."

ಮೇಷ್ಟ್ರು ನಕ್ಕರು. "ಅದಾ! ಅದು ನಿಮ್ಮ ಆಫೀಸಿನ ಪೆನ್ಸಿಲ್ ಅಲ್ವಾ?"

ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ಯಾರೋ ನಕ್ಕರು. ಮೂಲೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು. ತಪ್ಪಾಯ್ತಕ್ಕನಿಗೆ ಆ ಹುಡುಗಿ ಗೊತ್ತಿತ್ತು. ಮೊಗಸಾಲೆಯಲ್ಲಿ ಮಕ್ಕಳು "ಏ ಪೆನ್ಸಿಲ್" ಎಂದು ಕೂಗುವುದನ್ನು ಎಷ್ಟೋ ಸಲ ಕೇಳಿದ್ದಳು. ಕಡ್ಡಿ ಹಾಗಿದ್ದಾಳೆ, ಅದಕ್ಕೇ ಇರಬೇಕು ಅಂದುಕೊಂಡಿದ್ದಳು. ಒಮ್ಮೆ ಮೆಟ್ಟಿಲ ಬಳಿ ಎದುರಾದಾಗ ತಾನೂ ಸಲಿಗೆಯಿಂದ, "ಏನೇ ಪೆನ್ಸಿಲ್, ಚೆನ್ನಾಗಿ ಊಟ ಮಾಡೇ," ಎಂದಿದ್ದಳು.

ಮೇಷ್ಟ್ರು ಹಾಜರಿ ಪುಸ್ತಕ ತಿರುಗಿಸಿ ತೋರಿಸಿದರು. ಐವತ್ತೊಂಬತ್ತು ಹೆಸರುಗಳು ಶಾಯಿಯಲ್ಲಿ, ಎದುರಿಗೆ ನಂಬರು. ಇಪ್ಪತ್ತಮೂರನೆಯ ಸಾಲಿನ ಮೇಲೆ ಕೆಂಪು ಗೆರೆ, ಅದರ ಕೆಳಗಿನ ನಂಬರುಗಳನ್ನೆಲ್ಲ ಒಂದೊಂದು ಇಳಿಸಿ ತಿದ್ದಿತ್ತು. ಅದೇ ಹೆಸರು ಪುಟದ ಕೊನೆಯಲ್ಲಿ, ನಂಬರಿಲ್ಲದೆ, ಪೆನ್ಸಿಲಿನಲ್ಲಿ. ಕೆಂಪು ಗೆರೆ ಸ್ಕೇಲಿಟ್ಟು ಎಳೆದದ್ದು. ಆ ಶಾಲೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆಯುವವಳು ಒಬ್ಬಳೇ.

"ಕಾಲು ಮುರ್ಕೊಂಡು ಒಂದೂವರೆ ತಿಂಗಳು ಮಲಗಿದ್ಳಂತೆ. ವಾಪಸ್ ಬರೋ ಹೊತ್ತಿಗೆ ನಿಮ್ಮ ಗೆರೆ ಬಿದ್ದಿತ್ತು. ಆಫೀಸಿಂದ ಸರಿ ಮಾಡಿ ಕಳಿಸೋವರೆಗೂ ಇರ್ಲಿ ಅಂತ ಪೆನ್ಸಿಲಲ್ಲಿ ಬರ್ಕೊಂಡೆ. ಹೇಳಿದ್ನಲ್ಲ ನಿಮಗೆ? ನೀವು ಏನೋ ಟೈಪ್ ಮಾಡ್ತಾ ಇದ್ರಿ. ‘ನೋಡ್ತೀನಿ ಬಿಡಿ ಸರ್’ ಅಂದ್ರಿ."

"ಯಾವಾಗ ಸರ್?"

"ಐದು ತಿಂಗಳಾಯ್ತೇನೋ."

"ಹಾಗಾದ್ರೆ ಪರೀಕ್ಷೆ ಪಟ್ಟಿ..."

"ಅದನ್ನೂ ನೀವೇ ತಾನೇ ಮಾಡೋದು? ಐವತ್ತೆಂಟು ಇತ್ತು, ಪುಸ್ತಕದಲ್ಲೂ ಐವತ್ತೆಂಟಿತ್ತು, ಸೈನ್ ಹಾಕ್ದೆ. ಇವಳದ್ದು ಬೇರೆ ಕಳಿಸ್ತೀರ ಅಂದ್ಕೊಂಡಿದ್ದೆ." ಅಲ್ಲಿಯವರೆಗೆ ನಗುತ್ತಿದ್ದ ಮೇಷ್ಟ್ರ ಮುಖ ನಿಧಾನವಾಗಿ ಸಪ್ಪಗಾಯಿತು. "ಕಳಿಸಿಲ್ವಾ?"

ಅವಳು ಸರಸರನೆ ಮೆಟ್ಟಿಲಿಳಿದಳು. ಗಂಟೆಯಣ್ಣ ಹಿಂದಿನಿಂದ ಏನೋ ಕೇಳುತ್ತಿದ್ದ. ಅವಳ ಕಿವಿಗೆ ಬೀಳಲಿಲ್ಲ.

ಕಚೇರಿಯ ಕಪಾಟಿನಲ್ಲಿ ‘ಅಪೂರ್ಣ’ ಎಂದು ಬರೆದ ಒಂದು ಫೈಲು ಇತ್ತು. ದಾಖಲೆ ಸಾಲದ ಅರ್ಜಿಗಳನ್ನು ಅವಳು ಅದರಲ್ಲಿಡುತ್ತಿದ್ದಳು. ಹುಡುಗಿಯ ತಾಯಿ ಬರೆದ ಪತ್ರ ಅಲ್ಲೇ ಸಿಕ್ಕಿತು, ಗೀಟು ಹಾಕಿದ ನೋಟ್‌ಬುಕ್ಕಿನ ಹಾಳೆಯಲ್ಲಿ. ಮಗಳು ಬಿದ್ದು ಕಾಲು ಮುರಿದಿದೆ, ರಜೆ ಕೊಡಬೇಕು ಎಂದು. ಅದರ ತಲೆಗೆ ಅವಳೇ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ವೈದ್ಯರ ಸರ್ಟಿಫಿಕೇಟು ಲಗತ್ತಿಸಿಲ್ಲ, ಪೋಷಕರಿಗೆ ತಿಳಿಸಬೇಕು. ಪತ್ರದ ಹಿಂದೆ ಗುಂಡುಸೂಜಿ ಚುಚ್ಚಿದ ಒಂದು ಚೀಟಿ ಇತ್ತು.

ಪೋಷಕರಿಗೆ ಏನಾದರೂ ತಿಳಿಸಬೇಕಾದರೆ ಆ ಶಾಲೆಯಲ್ಲಿ ಒಂದು ಪದ್ಧತಿ. ಚೀಟಿ ಬರೆದು, ನಂಬರು ಹಾಕಿ, ತರಗತಿಗೆ ಕಳಿಸುವುದು. ಮಗು ಅದನ್ನು ಮನೆಗೆ ಒಯ್ಯುತ್ತದೆ. ಅವಳು ಪದ್ಧತಿಯಂತೆ ಚೀಟಿ ಬರೆದಿದ್ದಳು: ಎಫ್ ವಿಭಾಗ, ಇಪ್ಪತ್ತಮೂರು, ನಿನ್ನ ತಾಯಿಗೆ ಸರ್ಟಿಫಿಕೇಟು ತರಲು ಹೇಳು. ಕಾಲು ಮುರಿದು ಮನೆಯಲ್ಲಿ ಮಲಗಿದ್ದ ಹುಡುಗಿಯ ಕೈಯಲ್ಲಿ, ಅವಳು ಮಲಗಿದ್ದಾಳೆಂಬುದಕ್ಕೆ ಸಾಕ್ಷಿ ತರಿಸಲು, ತರಗತಿಗೆ ಚೀಟಿ! ಅದು ‘ಗೈರುಹಾಜರಿ’ ಎಂಬ ಷರಾ ಹೊತ್ತು ವಾಪಸು ಬಂದಿತ್ತು. ಅದನ್ನೂ ಅವಳು ಅಚ್ಚುಕಟ್ಟಾಗಿ ಪತ್ರಕ್ಕೆ ಚುಚ್ಚಿಟ್ಟಿದ್ದಳು. ಮೂವತ್ತು ಕೆಲಸದ ದಿನ ತುಂಬಿದ ಕೂಡಲೆ, ಹೆಸರು ತೆಗೆಯಬೇಕೆಂಬ ನಿಯಮದಂತೆ, ಸ್ಕೇಲು ತೆಗೆದುಕೊಂಡಿದ್ದಳು.

ಪತ್ರದ ಮೇಲೆ ಸ್ವೀಕೃತಿಯ ಮುದ್ರೆ ಇರಲಿಲ್ಲ. ಅಪೂರ್ಣ ಅರ್ಜಿಗೆ ಅವಳು ಮುದ್ರೆ ಒತ್ತುತ್ತಿರಲಿಲ್ಲ. ಅಂದರೆ, ಈ ಹಾಳೆ ಇಲ್ಲಿಗೆ ಬಂದದ್ದಕ್ಕೆ ಈ ಹಾಳೆಯ ಹೊರತು ಬೇರೆ ಪುರಾವೆಯೇ ಇರಲಿಲ್ಲ. ಆ ಯೋಚನೆ ತಾನಾಗಿಯೇ ಬಂತು. ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಆಗಲೇ ಹೆಗಲು ಮುಟ್ಟಿ ನೋಡಿಕೊಂಡಿದ್ದಳು.

ದೊಡ್ಡ ಮೇಡಂ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು. ಪರೀಕ್ಷಾ ಕಚೇರಿಗೆ ಫೋನು ಮಾಡಿದರು. ಫೋನಿಟ್ಟು ಹೇಳಿದರು:

"ತಿದ್ದುಪಡಿಗೆ ನಾಳೆ ನಾಲ್ಕು ಗಂಟೆವರೆಗೂ ಟೈಮಿದೆ. ಶಾಲೆಯ ತಪ್ಪಿನಿಂದ ಬಿಟ್ಟುಹೋಗಿದೆ, ಇಂಥವರ ತಪ್ಪು ಅಂತ ಬರಹದಲ್ಲಿ ಕೊಟ್ರೆ ಅಲ್ಲೇ ಸೇರಿಸ್ತಾರೆ. ಪೋಷಕರು ತಿಳಿಸಲಿಲ್ಲ ಅಂತ ಬರೆದ್ರೆ ಅದು ವಿಚಾರಣೆಗೆ ಹೋಗುತ್ತೆ. ಹುಡುಗಿ ಮುಂದಿನ ಸಲ ಕೂರ್ಬೇಕು, ಆರು ತಿಂಗಳಾದ್ಮೇಲೆ."

"ನನ್ನದೇ ತಪ್ಪು ಮೇಡಂ."

"ಅದನ್ನ ದಿನಕ್ಕೆ ಹತ್ತು ಸಲ ಹೇಳ್ತೀರ, ಕೇಳಿ ಕೇಳಿ ಸಾಕಾಗಿದೆ." ಮೇಡಂ ಒರಟಾಗಿಯೇ ಅಂದರು, ಆಮೇಲೆ ದನಿ ತಗ್ಗಿಸಿದರು. "ಇದು ಬಾಗಿಲು ತಳ್ಳಿದ ತಪ್ಪಲ್ಲಮ್ಮಾ. ಬರಹದಲ್ಲಿ ಕೊಟ್ರೆ ನಿಮ್ಮ ಸೇವಾ ಪುಸ್ತಕಕ್ಕೆ ಹೋಗುತ್ತೆ. ನಿಮ್ಮ ಬಡ್ತಿ ಫೈಲು ಇಲ್ಲೇ ಇದೆ, ಈ ಮೇಜಿನ ಮೇಲೆ. ಮೂರು ವರ್ಷ ಅದನ್ನ ಯಾರೂ ಮುಟ್ಟಲ್ಲ. ಆರು ತಿಂಗಳು ತಾನೇ ಆ ಹುಡುಗಿಗೆ? ಯೋಚನೆ ಮಾಡಿ. ನಾನು ನಿಮ್ಮನ್ನ ಹೀಗೆ ಮಾಡಿ ಹಾಗೆ ಮಾಡಿ ಅನ್ನಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೂ ಅವರು ಕೆಟ್ಟವರಲ್ಲ. ತನ್ನನ್ನು ಉಳಿಸಲು ನೋಡುತ್ತಿದ್ದಾರೆ ಎಂಬುದು ಅವಳಿಗೆ ಗೊತ್ತಾಯಿತು. ಅದರಿಂದ ಇನ್ನೂ ಕಷ್ಟವಾಯಿತು. "ಆಗಲಿ ಮೇಡಂ," ಎಂದಳು. ಯಾವುದಕ್ಕೆ ಆಗಲಿ ಎಂದೆ ಎಂದು ಅವಳಿಗೇ ತಿಳಿಯಲಿಲ್ಲ.

ಸಂಜೆ ಮನೆಯಲ್ಲಿ ಗಂಡ ಷರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಎಣ್ಣೆ ಕಲೆಯ ಷರ್ಟಾದರೂ ಗರಿಗರಿಯಾಗಿರಬೇಕು ಅವನಿಗೆ. ಅವಳು ನಿಂತಲ್ಲೇ ಎಲ್ಲ ಹೇಳಿದಳು.

"ಬ್ರೇಕ್ ಸರಿ ಮಾಡದೆ ಬಸ್ ಬಿಟ್ಟಿದ್ದೀನಿ ಅಂತ ಗೊತ್ತಾದ್ರೆ ನಾನು ಏನ್ ಮಾಡ್ಬೇಕು?" ಎಂದ.

"ಓಡಿ ಹೋಗಿ ನಿಲ್ಲಿಸ್ಬೇಕು."

"ಮತ್ತೆ?"

"ಮತ್ತೆ ನಿಮಗೆ ಮೆಮೋ ಕೊಡ್ತಾರೆ."

"ಕೊಡ್ಲಿ. ಮೆಮೋ ತಿಂದು ಯಾರೂ ಸತ್ತಿಲ್ಲ." ಷರ್ಟು ಮಡಚಿದ. "ನೀನು ಕನಸಲ್ಲೂ ತಪ್ಪಾಯ್ತು ತಪ್ಪಾಯ್ತು ಅಂತೀಯ ಮಾರಾಯ್ತಿ. ನಿಜವಾಗ್ಲೂ ಒಂದು ತಪ್ಪು ಮಾಡಿದಾಗ ಯಾಕೆ ಬಾಯಿ ಕಟ್ಟುತ್ತೆ?"

ಅವಳಿಗೆ ಸಿಟ್ಟು ಬಂತು. ಎಲ್ಲ ಅಷ್ಟು ಸಲೀಸಲ್ಲ ಎಂದು ಹೇಳಬೇಕೆನಿಸಿತು. ಒಂಬತ್ತು ವರ್ಷ ಕೊನೆಯ ಬಸ್ಸು ಹಿಡಿದು ಮನೆಗೆ ಬಂದವಳು ಅವಳು. ಆ ಬಡ್ತಿಯ ಕಾಗದ ಕಣ್ಣಿಗೆ ಕಟ್ಟಿತ್ತು. ಆದರೆ ಇಪ್ಪತ್ತಮೂರನೆಯ ಸಾಲಿನ ಮೇಲಿನ ಗೆರೆಯೂ ಕಟ್ಟಿತ್ತು. ಎಷ್ಟು ನೆಟ್ಟಗಿತ್ತು ಅದು.

ಬುಧವಾರ ಬೆಳಿಗ್ಗೆ ಹುಡುಗಿಯ ತಾಯಿ ಬಂದಳು. ಮೇಷ್ಟ್ರು ಹೇಳಿ ಕಳಿಸಿದ್ದರಂತೆ. ಕೈಬೆರಳೆಲ್ಲ ಸೋಪಿನ ನೀರಿಗೆ ಸುಕ್ಕಾಗಿದ್ದವು.

"ಮೇಡಮ್ಮಾ, ನಂದೇ ತಪ್ಪು," ಎಂದು ಕಿಟಕಿಯ ಬಳಿ ನಿಂತೇ ಶುರು ಮಾಡಿದಳು. "ಕಾಗದ ಕೊಟ್ಟು ಹೋದೆ, ಆಮೇಲೆ ವಿಚಾರಿಸ್ಲಿಲ್ಲ. ಸರ್ಟಿಫಿಕೇಟು ಬೇಕಿತ್ತಂತೆ? ನಂಗೆ ಗೊತ್ತೇ ಆಗ್ಲಿಲ್ಲ ನೋಡಿ. ನಾನು ಕೆಲಸ ಮಾಡೋದೇ ಆಸ್ಪತ್ರೆ ಲಾಂಡ್ರಿಯಲ್ಲಿ. ಡಾಕ್ಟ್ರು ದಿನಾ ಕಣ್ಮುಂದೆ ಓಡಾಡ್ತಾರೆ. ಕೇಳಿದ್ರೆ ಐದು ನಿಮಿಷದ ಕೆಲಸ. ಇಗೊಳ್ಳಿ, ಈಗ ತಂದಿದ್ದೀನಿ."

ಐದು ನಿಮಿಷದ ಕೆಲಸವನ್ನು ಐದು ತಿಂಗಳು ಫೈಲಿನಲ್ಲಿಟ್ಟವಳು ಕಿಟಕಿಯ ಈಚೆ ಕೂತಿದ್ದಳು.

"ನಿಮ್ಮ ತಪ್ಪಲ್ಲಮ್ಮಾ..."

"ಇಲ್ಲ ಇಲ್ಲ, ನಂದೇ. ಎಲ್ಲಿ ಬೇಕಾದ್ರೂ ಹೆಬ್ಬೆಟ್ಟು ಒತ್ತುತ್ತೀನಿ, ಸೈನೂ ಬರುತ್ತೆ. ಅಮ್ಮನ ತಪ್ಪು ಅಂತ ಬರ್ಕೊಳ್ಳಿ. ಮಗಳು ಪರೀಕ್ಷೆಗೆ ಕೂತ್ರೆ ಸಾಕು."

ಬೇಕಾದ ಸುಳ್ಳನ್ನು ಆ ತಾಯಿ ತಟ್ಟೆಯಲ್ಲಿಟ್ಟು ತಂದಿದ್ದಳು. ಅದನ್ನು ತೆಗೆದುಕೊಂಡರೆ ಮಗಳು ಈ ಸಲ ಪರೀಕ್ಷೆಗೆ ಕೂರುವುದೇ ಇಲ್ಲ ಎಂಬುದು ಮಾತ್ರ ಆಕೆಗೆ ಗೊತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ ಎಂದು ಕೇಳಿದ್ದೇವೆ. ಇಲ್ಲಿ ಎಮ್ಮೆಯೇ ಬೆನ್ನು ಒಡ್ಡಿ ನಿಂತಿತ್ತು.

ತಪ್ಪಾಯ್ತಕ್ಕ ಎದ್ದು ಬಂದು ಆಕೆಯನ್ನು ಒಳಗೆ ಕೂರಿಸಿದಳು. ಒಂದು ಬಿಳಿ ಹಾಳೆ ತೆಗೆದು ಬರೆಯತೊಡಗಿದಳು. ದಿನವಿಡೀ ನಾಲಿಗೆಯ ತುದಿಯಲ್ಲೇ ಇರುತ್ತಿದ್ದ ಪದ ಕಾಗದಕ್ಕೆ ಇಳಿಯಲೊಲ್ಲದು. ಮೊದಲು "ಕಣ್ತಪ್ಪಿನಿಂದ" ಎಂದು ಬರೆದಳು. ಕಣ್ತಪ್ಪಾಗಿರಲಿಲ್ಲ, ಮೂರು ಸಲ ನೋಡಿಯೇ ಮಾಡಿದ್ದು. ಹಾಳೆ ಹರಿದಳು. "ಕೆಲಸದ ಒತ್ತಡದಿಂದ" ಎಂದು ಬರೆದಳು. ಅದನ್ನೂ ಹರಿದಳು. ಮೂರನೆಯ ಹಾಳೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದಳು. ಪತ್ರ ಬಂದಿತ್ತು. ನಾನು ಮುದ್ರೆ ಒತ್ತಲಿಲ್ಲ. ಮನೆಯಲ್ಲಿದ್ದ ಹುಡುಗಿಗೆ ತರಗತಿಗೆ ಚೀಟಿ ಕಳಿಸಿದೆ. ಅದು ತಲುಪಲಿಲ್ಲ ಎಂದು ತಿಳಿದೂ ಹೆಸರು ತೆಗೆದೆ. ಮೇಷ್ಟ್ರು ಹೇಳಿದಾಗ ನೋಡುತ್ತೇನೆ ಎಂದೆ, ನೋಡಲಿಲ್ಲ. ತಪ್ಪು ನನ್ನದು. ಸಹಿ ಮಾಡಿ, ಪತ್ರವನ್ನೂ ಚೀಟಿಯನ್ನೂ ಲಗತ್ತಿಸಿದಳು.

ದೊಡ್ಡ ಮೇಡಂ ಓದಿದರು. "ಇಷ್ಟು ಬಿಡಿಸಿ ಬರೀಬೇಕಿತ್ತಾ?" ಎಂದರು.

"ಬೇರೆ ಥರ ಬರೆಯೋಕೆ ಬರ್ಲಿಲ್ಲ ಮೇಡಂ."

ಮೇಡಂ ಸಹಿ ಹಾಕಿದರು. ಬಡ್ತಿಯ ಫೈಲನ್ನು ಮೇಜಿನಿಂದೆತ್ತಿ ಪಕ್ಕದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಆ ಶಬ್ದವನ್ನು ಅವಳು ಕೇಳಿಸಿಕೊಂಡಳು.

ಪರೀಕ್ಷಾ ಕಚೇರಿಗೆ ಅವಳೇ ಹೋದಳು. ಎರಡು ಬಸ್ಸು, ಒಂದು ಉದ್ದ ಸಾಲು, ಸಾಲಿನ ಕೊನೆಯಲ್ಲಿ ಕಿಟಕಿ, ಕಿಟಕಿಯಾಚೆ ತನ್ನಂಥವಳೇ ಒಬ್ಬಳು. ಆಕೆ ಹಾಳೆಯನ್ನು ಓದಿ, ತಲೆ ಎತ್ತಿ, "ಇದರಲ್ಲಿ ಬರೆದಿರೋದು ನೀವೇನಾ?" ಎಂದಳು. "ನಾನೇ." ಆಕೆ ಅಯ್ಯೋ ಪಾಪ ಎಂಬಂತೆ ನೋಡಿ ಮುದ್ರೆ ಒತ್ತಿದಳು. ಮೂರು ಗಂಟೆ ಹತ್ತು ನಿಮಿಷ. ಕೆಲಸ ಅಷ್ಟೇ ಇತ್ತು.

ಶಾಲೆಗೆ ವಾಪಸು ಬಂದಾಗ ಕೊನೆಯ ಪಾಠ ನಡೆಯುತ್ತಿತ್ತು. ಎಫ್ ವಿಭಾಗದ ಹಾಜರಿ ಪುಸ್ತಕ ತರಿಸಿ, ಪೆನ್ಸಿಲ್ ಹೆಸರಿನ ಮೇಲೆಯೇ ಶಾಯಿಯಲ್ಲಿ ಬರೆದಳು. ಎದುರಿಗೆ ಐವತ್ತೊಂಬತ್ತು ಎಂದು ನಂಬರು ಹಾಕಿದಳು. ಇಪ್ಪತ್ತಮೂರರ ಕೆಂಪು ಗೆರೆಯನ್ನು ಅಳಿಸಲು ಬರುವಂತಿರಲಿಲ್ಲ.

ಗಂಟೆ ಹೊಡೆದ ಮೇಲೆ ಹುಡುಗಿ ಕಿಟಕಿಗೆ ಬಂದಳು. ಬಲಗಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಅದನ್ನೂ ಅವಳು ಇವತ್ತೇ ಗಮನಿಸಿದ್ದು.

"ಥ್ಯಾಂಕ್ಸ್ ಅಕ್ಕಾ. ಮೇಷ್ಟ್ರು ಹೇಳಿದ್ರು. ನೀವೇ ಓಡಾಡಿ ಸೇರಿಸಿದ್ರಂತೆ."

ಅವಳು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಇಲ್ಲಮ್ಮಾ, ತೆಗೆದಿದ್ದೂ ನಾನೇ," ಎಂದಳು. ಅಮ್ಮ ಕೊಟ್ಟ ಪತ್ರ ತನ್ನ ಹತ್ತಿರವೇ ಇತ್ತು ಎಂದೂ ಹೇಳಿದಳು. ಹುಡುಗಿ ಬೈಯಲಿ, ಅಳಲಿ, ಮುಖ ತಿರುಗಿಸಿ ಹೋಗಲಿ ಎಂದು ಕಾದಳು.

"ನಂಗೊತ್ತು ಅಕ್ಕಾ," ಎಂದಳು ಹುಡುಗಿ ಸಹಜವಾಗಿ. "ಅದಕ್ಕೇ ನಿಮ್ಮ ಹತ್ರನೇ ಕೇಳೋಣ ಅಂತ ಮೂರು ಸಲ ಬಂದಿದ್ದೆ."

"ಇಲ್ಲಿಗಾ? ಯಾವಾಗ?"

"ಕಾಲು ಸರಿಯಾದ್ಮೇಲೆ. ನೀವು ‘ನಂಬರ್ ಹೇಳು’ ಅಂದ್ರಿ. ನಂಬರ್ ಇಲ್ಲ ಅಂದೆ. ‘ನಂಬರ್ ತಗೊಂಡ್ ಬಾ’ ಅಂದ್ರಿ. ಆಮೇಲೆ ಎರಡು ಸಲ ಬಂದು ಇದನ್ನ ಓದ್ಕೊಂಡು ವಾಪಸ್ ಹೋದೆ."

ಹುಡುಗಿ ಬೆರಳಿಟ್ಟ ಕಡೆ, ಕಿಟಕಿಯ ಗಾಜಿನ ಮೇಲೆ, ಒಂದು ಸೂಚನೆ ಅಂಟಿಸಿತ್ತು: ‘ನಂಬರ್ ಇಲ್ಲದೆ ವಿಚಾರಿಸಬೇಡಿ.’ ದುಂಡಗಿನ ಅಕ್ಷರ, ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ. ಅಕ್ಷರ ಚೆನ್ನಾಗಿದೆ ಎಂದು ಆಗ ಎಲ್ಲರೂ ಹೊಗಳಿದ್ದರು.

ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಈ ಮುಖ, ಈ ಕಿಟಕಿ, ಈ ದನಿ. ಏನೂ ನೆನಪಾಗಲಿಲ್ಲ. ತಾನು ಮಾಡಿದ್ದನ್ನು ಒಪ್ಪಿಕೊಂಡು ಬಂದಿದ್ದಳು, ಅದರಲ್ಲಿ ಇದು ಇರಲೇ ಇಲ್ಲ. ಇಂಥವು ಇನ್ನೆಷ್ಟೋ, ಯಾವ ಫೈಲಿನಲ್ಲೂ ಇಲ್ಲದವು.

"ಹೋಗ್ಲಾ ಅಕ್ಕಾ? ಬಸ್ ಹೋಗ್ಬಿಡುತ್ತೆ."

"ಹೋಗು. ನಿಧಾನಕ್ಕೆ ಹೋಗು, ಮೆಟ್ಟಿಲಿದೆ." ಆಮೇಲೆ, ಪುಸ್ತಕದಲ್ಲಿ ಶಾಯಿಯಲ್ಲಿ ಬರೆದ ಹೆಸರನ್ನೇ ಹಿಡಿದು ಕೂಗಿ ಕರೆದು, "ನಂಬರು ಐವತ್ತೊಂಬತ್ತು," ಎಂದಳು. ಹುಡುಗಿ ತಿರುಗಿ ನೋಡಿ ನಕ್ಕು ಹೋದಳು.

ಗಂಟೆಯಣ್ಣ ಬೀಗ ಹಾಕಲು ಬಂದಾಗ ಅವಳು ಉಗುರಿನಿಂದ ಗಾಜು ಕೆರೆಯುತ್ತಿದ್ದಳು. ಸೂಚನೆ ಅರ್ಧ ಕಿತ್ತು ಬಂದಿತ್ತು, ಇನ್ನರ್ಧ ಗೋಂದು ಹಿಡಿದು ಕೂತಿತ್ತು.

"ಏನಕ್ಕಾ ಇದು? ನಾಳೆ ಸಮಿತಿ ಬರುತ್ತೆ, ಗಾಜೆಲ್ಲ ಗಲೀಜು ಮಾಡ್ತಿದ್ದೀರ."

"ಸ್ವಲ್ಪ ಬಿಸಿನೀರು ತರ್ತೀಯಾ ಅಣ್ಣಾ?"

"ನಾಲ್ಕು ಪುಟ ಆಯ್ತಾ?"

"ಮೊದಲನೇ ಸಾಲು ತೆಗೆದೆ. ಮಕ್ಕಳು ಎರಡು ಸಾವಿರದ ಮುನ್ನೂರ ಹದಿನೇಳು ಅಂತ ಶುರು ಮಾಡಿದ್ದೀನಿ."

"ಹದಿನಾರಲ್ವಾ ಇದ್ದಿದ್ದು?"

"ಹದಿನೇಳು."

ಅವನು ನೀರು ತರಲು ಏಳನೆಯ ನಲ್ಲಿಯ ಕಡೆ ಹೋದ. ಅವಳು ಸ್ಕೇಲು ತೆಗೆದುಕೊಂಡು, ಅದರ ಅಂಚಿನಿಂದ ಗೋಂದನ್ನು ಕೆರೆಯತೊಡಗಿದಳು.